ನಮ್ಮ ಮನೆಯ ಮೊದಲ ಮೊಬೈಲ್

ನಮ್ಮ ಮನೆಗೆ ಮೊಬೈಲ್ ಬಂದದ್ದು 1994ರಲ್ಲಿ. ಹೀಗಂದ ಕೂಡಲೇ ಆಫೀಸಿನಲ್ಲಿ ಎಲ್ಲರೂ ನಗ್ತಾರೆ. ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದೇ 1995ರ ಜುಲೈ 31ರಂದು, ಕೋಲ್ಕತಾದಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸುಖರಾಮ್ ಅವರಿಗೆ ಮಾಡಿದ್ದು. ಅದಕ್ಕೂ ಒಂದು ವರ್ಷ ಮೊದಲು ರಾಯಬಾಗ ತಾಲೂಕಿನ ಹೊಳೆದಂಡೆಯ ಹಳ್ಳಿಯೊಂದಕ್ಕೆ ಮೊಬೈಲ್ ಹೇಗೆ ಬಂತು?

ಬಂದದ್ದು ಫೋನ್ ಅಲ್ಲ, ಟಾಟಾ ಮೊಬೈಲ್ 206. ಪಿಕಪ್ ಗಾಡಿ. ನಮ್ಮೂರಲ್ಲಿ ಯಾರೂ 'ಪಿಕಪ್' ಅಂತ ಕರೀಲಿಲ್ಲ, 'ಮೊಬೈಲ್' ಅಂತಲೇ ಕರೆದರು. ಮುಂದೆ ಜೇಬಿನ ಮೊಬೈಲ್ ಬಂದಾಗ ಅವ್ವ ಎರಡನ್ನೂ 'ಸಣ್ಣ ಮೊಬೈಲ್', 'ದೊಡ್ಡ ಮೊಬೈಲ್' ಅಂತ ಬೇರೆ ಮಾಡಿದಳು. ಅಪ್ಪ ಎರಡು ವರ್ಷದ ಹಿಂದೆ ತೀರಿಕೊಂಡ. ಸಣ್ಣ ಮೊಬೈಲಿನ ಸಿಮ್ ಬಂದ್ ಆಯಿತು. ದೊಡ್ಡ ಮೊಬೈಲ್ ಮಾತ್ರ ದನದ ಕೊಟ್ಟಿಗೆಯ ಪಕ್ಕ, ತಾಡಪತ್ರಿ ಹೊದ್ದುಕೊಂಡು, ನನ್ನ ಪಾಲಿಗೆ ಬಂದು ನಿಂತಿದೆ. ಇದನ್ನು ಏನು ಮಾಡಬೇಕು ಅನ್ನೋದೇ ಈ ಬರಹದ ವಿಷಯ. ಸಣ್ಣ ಪ್ರಶ್ನೆ ಅಂದುಕೊಂಡು ಶುರು ಮಾಡಿದ್ದೆ. ಅದು ನನ್ನನ್ನು ಎಪ್ಪತ್ತು ಎಂಬತ್ತು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಯಿತು.

ಮೊದಲು ನನ್ನ ಪ್ಲಾನ್ ಹೇಳಿಬಿಡ್ತೀನಿ, ನಗಬೇಡಿ. ನಾನೊಂದು ಸ್ಪ್ರೆಡ್‌ಶೀಟ್ ಮಾಡಿದ್ದೆ. ಮಿಲಿಟರಿ ಹಸಿರು ಮ್ಯಾಟ್ ಪೇಂಟ್, ದಪ್ಪ ಟೈರು, ನಾಲ್ಕು ಇಂಚು ಎತ್ತರಿಸಿದ ಸಸ್ಪೆನ್ಷನ್, ಮುಂದೆ ಕಬ್ಬಿಣದ ಗಾರ್ಡು, ಮೇಲೆ ಎಲ್‌ಇಡಿ ಸಾಲು, ಹಿಂದೆ ಮಡಚುವ ಟೆಂಟು. ವಾರಾಂತ್ಯಕ್ಕೆ ಸಕಲೇಶಪುರ. ಬೆಂಗಳೂರಿನ ಗೆಳೆಯರು ಹುರುಪು ತುಂಬಿದರು. ಅವರ ಹುರುಪಿಗೆ ಕಾರಣವೂ ಇತ್ತು. ಟಾಟಾ ಮೊಬೈಲ್ ಬಂದದ್ದು 1988ರಲ್ಲಿ. ಆಗಿನ ಟೆಲ್ಕೋ, ಅಂದರೆ ಇಂದಿನ ಟಾಟಾ ಮೋಟಾರ್ಸ್, ಅದುವರೆಗೂ ಲಾರಿ ಮಾಡುವ ಕಂಪನಿ. ಸಣ್ಣ ಗಾಡಿಯ ಲೋಕಕ್ಕೆ ಅದು ಕಾಲಿಟ್ಟದ್ದು ಈ ಪಿಕಪ್ ಮೂಲಕ. ಇದೇ ಅಡಿಪಾಯದ ಮೇಲೆ 1991ರಲ್ಲಿ ಸಿಯೆರಾ ಬಂತು, 1992ರಲ್ಲಿ ಎಸ್ಟೇಟ್, 1994ರಲ್ಲಿ ಸುಮೋ. ಸಿಯೆರಾ ಅಂದರೆ ಕಣ್ಣರಳಿಸುವ ಗೆಳೆಯರಿಗೆ 'ಅದರ ಅಣ್ಣ ನಮ್ಮ ಕೊಟ್ಟಿಗೇಲಿ ಐತಿ' ಅಂತ ಹೇಳುವ ಸುಖವೇ ಬೇರೆ.

ಸ್ಪ್ರೆಡ್‌ಶೀಟ್ ಹಿಡಕೊಂಡು ಗ್ಯಾರೇಜಿಗೆ ಹೋದೆ. ಅಪ್ಪನ ಕಾಲದಿಂದ ಗಾಡಿ ನೋಡಿಕೊಂಡ ಮಿಸ್ತ್ರಿ ಕಾಕಾ ಬಾನೆಟ್ ಎತ್ತಿದರು, ಕೆಳಗೆ ಹೊಕ್ಕು ಟಾರ್ಚ್ ಬಿಟ್ಟರು, ಹೊರಬಂದು ಕೈ ಒರೆಸಿಕೊಂಡರು.

"ಇಷ್ಟೆಲ್ಲಾ ಯಾಕ ಬೇಕೋ ತಮ್ಮಾ?"

ನಾನು ಸ್ವಲ್ಪ ಹಿಂದೆ ಸರಿದು, "ಹಂಗಾದ್ರ ಮೊದಲಿನಂಗ ಮಾಡಿಕೊಡ್ರಿ ಕಾಕಾ" ಅಂದೆ.

"ಯಾವ ಮೊದಲು? ಕಂಪನಿ ಬಿಟ್ಟಾಗಿನ ಮೊದಲೊ, ನಿಮ್ಮಪ್ಪ ಮಾಡಿಸಿದ ಮೊದಲೊ?"

ನನಗೆ ಉತ್ತರ ಹೊಳೆಯಲಿಲ್ಲ. ಬಾಗಿಲ ಹತ್ತಿರ ಬಣ್ಣ ಕಿತ್ತ ಜಾಗದಲ್ಲಿ ಮೂರು ಪದರ ಕಾಣ್ತಿತ್ತು. ಬಿಳಿ, ನೀಲಿ, ಮತ್ತೆ ಬಿಳಿ. ಹಿಂದಿನ ಬಾಡಿಯ ಎರಡೂ ಬದಿಗೆ ಕಬ್ಬಿಣದ ಆ್ಯಂಗಲ್ ಬೆಸೆದು, ಅದಕ್ಕೆ ಬೇವಿನ ಹಲಗೆ ಕೂಡಿಸಿ, ಅಪ್ಪ ಒಂದೂವರೆ ಅಡಿ ಎತ್ತರ ಮಾಡಿಸಿದ್ದ. ಒಳಗೆ ಎರಡು ಬದಿಗೆ ಉದ್ದ ಹಲಗೆಯ ಕೂರುವ ಪಟ್ಟಿ. ಹಿಂದಿನ ಬಾಗಿಲ ಮೇಲೆ ಚಿಂಚಲಿಯ ದೇವಿಯ ಹೆಸರು, 'ಶ್ರೀ ಮಾಯಕ್ಕಾ ಪ್ರಸನ್ನ'. ನಾನು ಚಿಕ್ಕಂದಿನಿಂದ ನೋಡಿದ ಗಾಡಿ ಇದೇ. ಪುಣೆಯ ಕಾರ್ಖಾನೆಯಿಂದ ಹೊರಬಿದ್ದ ಗಾಡಿಯನ್ನು ನಾನು ನೋಡೇ ಇಲ್ಲ ಅಂದರೂ ನಡೆದೀತು.

ಈ 'ಯಾವ ಮೊದಲು' ಅನ್ನೋ ಪ್ರಶ್ನೆ ಜಗತ್ತಿನ ಎಲ್ಲ ಪಿಕಪ್‌ಗಳಿಗೂ ಇದೆ. ಅಮೆರಿಕದ ರೈತರು ಫೋರ್ಡ್ ಮಾಡೆಲ್ ಟಿ ಕಾರಿನ ಹಿಂಭಾಗ ಕತ್ತರಿಸಿ ಮರದ ಪೆಟ್ಟಿಗೆ ಕೂಡಿಸಿಕೊಳ್ಳುತ್ತಿದ್ದರು. ಅದನ್ನು ನೋಡಿ ನೋಡಿ ಫೋರ್ಡ್ ಕಂಪನಿಯೇ 1925ರ ಏಪ್ರಿಲ್‌ನಲ್ಲಿ ಪಿಕಪ್ ಬಾಡಿ ಇರುವ ಮಾಡೆಲ್ ಟಿ ಮಾರಲು ಶುರು ಮಾಡಿತು. ಬೆಲೆ 281 ಡಾಲರ್. ಆಸ್ಟ್ರೇಲಿಯಾದ ಕಥೆ ಇನ್ನೂ ಚೆಂದ. 1932ರಲ್ಲಿ ಗಿಪ್ಸ್‌ಲ್ಯಾಂಡ್ ಕಡೆಯ ರೈತನ ಹೆಂಡತಿಯೊಬ್ಬಳು ಅಲ್ಲಿನ ಫೋರ್ಡ್ ಕಂಪನಿಗೆ ಪತ್ರ ಬರೆದಳಂತೆ: ಭಾನುವಾರ ಬಟ್ಟೆ ಒದ್ದೆಯಾಗದಂತೆ ಚರ್ಚಿಗೆ ಹೋಗಬೇಕು, ಸೋಮವಾರ ಅದರಲ್ಲೇ ಹಂದಿಗಳನ್ನು ಸಂತೆಗೆ ಒಯ್ಯಬೇಕು, ಅಂಥ ಗಾಡಿ ಮಾಡಿಕೊಡಿ ಅಂತ. ಲೂಯಿಸ್ ಬ್ಯಾಂಟ್ ಎಂಬ ಯುವ ವಿನ್ಯಾಸಕಾರ ಕೂತು ಗೀಚಿದ. 1934ರ ಹೊತ್ತಿಗೆ 'ಯೂಟ್' ರಸ್ತೆಗಿಳಿಯಿತು. ಅಂದರೆ ಪಿಕಪ್ ಅನ್ನೋದೇ ಹುಟ್ಟಿನಿಂದ ಮಾಡಿಫೈ ಮಾಡಿದ ಗಾಡಿ.

ಈಗ ನಮ್ಮ ಕಡೆಗೆ ಬರೋಣ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ನಕ್ಷೆಯಲ್ಲಿ ಕರ್ನಾಟಕದ ವಾಯುವ್ಯ ಮೂಲೆ. ನಿಪ್ಪಾಣಿ ಮೊದಲು ಚಿಕ್ಕೋಡಿ ತಾಲೂಕಿನಲ್ಲಿತ್ತು, ಕಾಗವಾಡ ಅಥಣಿಯಲ್ಲಿತ್ತು. ತಾಲೂಕು ಆದದ್ದು ಇತ್ತೀಚೆಗೆ. ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು, ಚಿಕ್ಕೋಡಿ ಮತ್ತು ಅಥಣಿ ಮುಂಬೈ ಪ್ರಾಂತದ್ದು. 1956ರ ನವೆಂಬರ್ 1ರಂದು ಎಲ್ಲವೂ ಮೈಸೂರು ರಾಜ್ಯಕ್ಕೆ ಸೇರಿದವು. ಆದರೆ ಅರಿಶಿನ ಮಾರಲು ಸಾಂಗ್ಲಿ, ಆಸ್ಪತ್ರೆಗೆ ಮಿರಜ್, ಯಂತ್ರದ ಬಿಡಿಭಾಗಕ್ಕೆ ಕೊಲ್ಹಾಪುರ, ಇದು ಬದಲಾಗಲಿಲ್ಲ. ನಮಗೆ ಗಾಡಿ ಅಂದರೆ ಗಡಿ ದಾಟುವ ವಸ್ತು.

ಮುತ್ಯಾನ ಕಾಲದ ಗಾಡಿ ಚಕ್ಕಡಿ. ಒಂದೇ ಚಕ್ಕಡಿ, ಆದರೆ ಹಂಗಾಮಿಗೊಂದು ರೂಪ. ಗೊಬ್ಬರ ಹೇರುವಾಗ ಬದಿಗೆ ತಟ್ಟಿ. ಕಣಿಕೆ ಹೇರುವಾಗ ನಾಲ್ಕು ಮೂಲೆಗೆ ಗೂಟ, ಸುತ್ತ ಹಗ್ಗ. ಮಾಘದಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೊರಟಾಗ ಅದರ ಮೇಲೆ ಬಿದಿರಿನ ಕಮಾನು, ಚಾಪೆ, ಜಮಖಾನೆ ಬಂದು ಕೊಲ್ಲಾರಿ ಬಂಡಿ ಆಗ್ತಿತ್ತು. ಜಾತ್ರೆ ಮುಗಿಸಿ ಬಂದ ಮರುದಿನ ಎಲ್ಲ ಬಿಚ್ಚಿ ಅಟ್ಟಕ್ಕೆ. ಚಕ್ಕಡಿಯಲ್ಲಿ ಯಾವುದನ್ನೂ ಬೆಸೆದಿರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಏನನ್ನೂ ಹಾರ್ಡ್‌ಕೋಡ್ ಮಾಡಿರಲಿಲ್ಲ, ಎಲ್ಲಾ ಕಾನ್ಫಿಗ್. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗ್ತದೆ.

1939ರಲ್ಲಿ ಉಗಾರ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕಬ್ಬು ಬಂತು, ಹೇರು ಹೆಚ್ಚಾಯಿತು. ಕಾಲಕ್ರಮೇಣ ಕಬ್ಬಿಣದ ಪಟ್ಟಿಯ ಚಕ್ರ ಹೋಗಿ ಗಾಳಿ ತುಂಬಿದ ರಬ್ಬರ್ ಟೈರು ಬಂತು. ಡನ್ಲಪ್ ಕಂಪನಿ ಎತ್ತಿನ ಗಾಡಿಗೆಂದೇ ಟೈರು ಮಾಡ್ತಿತ್ತು. ನಮ್ಮಲ್ಲಿ ಟೈರು ಯಾವ ಕಂಪನಿಯದಾದರೂ ಅದು 'ಡನ್ಲಪ್ ಗಾಡಿ'ಯೇ. ಇಂಥದ್ದೇ ಇನ್ನೊಂದು ಹೆಸರು 'ಟೆಂಪೊ'. 1958ರಲ್ಲಿ ಫಿರೋದಿಯಾ ಅವರ ಬಜಾಜ್ ಟೆಂಪೊ ಕಂಪನಿ ಜರ್ಮನಿಯ ಟೆಂಪೊ ಕಾರ್ಖಾನೆಯ ಸಹಯೋಗದಲ್ಲಿ ಮೂರು ಗಾಲಿಯ ಗೂಡ್ಸ್ ಗಾಡಿ ಮಾಡಲು ಶುರು ಮಾಡಿತು. ಆ ಜರ್ಮನ್ ಕಂಪನಿ ಎಂದೋ ಮುಚ್ಚಿಹೋಯಿತು. ನಮ್ಮ ಹಳ್ಳಿಗಳಲ್ಲಿ ಮಾತ್ರ ಇವತ್ತಿಗೂ ಸಾಮಾನು ಹೇರುವ ಗಾಡಿ ಯಾವುದಾದರೂ 'ಟೆಂಪೊ' ಅಂತಲೇ ಕರೆಸಿಕೊಳ್ತದೆ.

ಈ ಗಾಡಿಗಳನ್ನು ಕತ್ತರಿಸಿ ಬೆಸೆಯುವ ಕೈಗಳೂ ಇದೇ ಸೀಮೆಯಲ್ಲಿ ಬೆಳೆದವು. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. 1910ರಲ್ಲಿ ಔಂಧ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಕಬ್ಬಿಣದಿಂದ ಉತ್ತರೆ ಭೂಮಿಗೆ ವಿಷ ಆಗ್ತದೆ ಅಂತ ರೈತರು ಮೊದಮೊದಲು ಆ ನೇಗಿಲು ಮುಟ್ಟಲಿಲ್ಲವಂತೆ. ಅದೇ ರೈತರ ಮೊಮ್ಮಕ್ಕಳು ಇವತ್ತು ಟ್ರ್ಯಾಕ್ಟರ್ ಟ್ರೇಲರನ್ನು ರಾತ್ರೋರಾತ್ರಿ ಉದ್ದ ಮಾಡಿಸಿಕೊಂಡು ಬರ್ತಾರೆ.

ಹಾಗಾದರೆ ನಮ್ಮಪ್ಪ ಪಿಕಪ್ ತಗೊಂಡದ್ದು ಯಾಕೆ? ಇದಕ್ಕೆ ಉತ್ತರ ನಿಪ್ಪಾಣಿಯಲ್ಲಿದೆ.

ನಿಪ್ಪಾಣಿ ಬೀಡಿ ತಂಬಾಕಿನ ಪೇಟೆ. ಮುತ್ಯಾ ಎರಡು ಎಕರೆ ತಂಬಾಕು ಬೆಳೀತಿದ್ದ. ಮಾಲು ವ್ಯಾಪಾರಿ ಒಯ್ಯುತ್ತಿದ್ದ, ದರ ಆಮೇಲೆ ಹೇಳುತ್ತಿದ್ದ. ಎಷ್ಟು ಹೇಳಿದರೆ ಅಷ್ಟು. ಬೇರೆ ಕಡೆ ಒಯ್ದು ಕೇಳೋಣ ಅಂದರೆ ಒಯ್ಯೋದು ಯಾವುದರಲ್ಲಿ? 1981ರ ಮಾರ್ಚ್‌ನಲ್ಲಿ ಶರದ್ ಜೋಶಿ ಅವರ ಮುಂದಾಳತ್ವದಲ್ಲಿ ತಂಬಾಕು ಬೆಳೆಗಾರರು ನ್ಯಾಯವಾದ ದರ ಕೇಳಿ ನಿಪ್ಪಾಣಿ ಬಳಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಕೂತುಬಿಟ್ಟರು. ಮೂರು ವಾರಕ್ಕೂ ಹೆಚ್ಚು ಕಾಲ ಸಾವಿರಾರು ಜನ ರಸ್ತೆಯಲ್ಲೇ ಇದ್ದರು. ಏಪ್ರಿಲ್ 6ರಂದು ಪೊಲೀಸ್ ಗೋಲಿಬಾರ್ ಆಯಿತು. 12 ರೈತರು ಸತ್ತರು. ಮುತ್ಯಾ ಅಲ್ಲಿದ್ದ, ಅಪ್ಪನೂ ಇದ್ದ. ಮುತ್ಯಾ ಆ ದಿನದ ಬಗ್ಗೆ ಹೆಚ್ಚು ಮಾತಾಡ್ತಿರಲಿಲ್ಲ. ಅಪ್ಪ ಒಂದೇ ಮಾತು ಹೇಳ್ತಿದ್ದ: "ನಮ್ಮ ಮಾಲು ನಮ್ಮ ಗಾಡ್ಯಾಗ ಇದ್ರ, ದರ ಸೇರಲಿಲ್ಲಂದ್ರ ತಿರುಗಿಸಿಕೊಂಡ ಬರಬಹುದಿತ್ತು."

ಅಪ್ಪ ತಂಬಾಕು ಬಿಟ್ಟು ಅರಿಶಿನಕ್ಕೆ ಬಂದ. 1994ರಲ್ಲಿ ಸಾಲ ಮಾಡಿ ಮೊಬೈಲ್ ತಂದ. ಸಾಂಗ್ಲಿಯಲ್ಲಿ ದರ ಬಿದ್ದರೆ ಅರಿಶಿನ ಹೇರಿಕೊಂಡೇ ವಾಪಸ್ ಬಂದದ್ದು ನನಗೇ ನೆನಪಿದೆ. ಡೀಸೆಲ್ ಖರ್ಚು ಮೈಮೇಲೆ ಬಿತ್ತು. ಅವ್ವ ಬೈದಳು. ಅಪ್ಪ ಮಾತ್ರ ಆ ರಾತ್ರಿ ಖುಷಿಯಿಂದ ಉಂಡ. ಆಗ ನನಗೆ ಅರ್ಥ ಆಗಿರಲಿಲ್ಲ. ಬೇಡ ಅನ್ನುವ ತಾಕತ್ತು ನಮ್ಮ ಮನೆಗೆ ಬಂದದ್ದು ಆ ಗಾಡಿಯಿಂದ.

ಇನ್ನು ಎತ್ತರದ ಹಲಗೆ, ಕೂರುವ ಪಟ್ಟಿಯ ಕಥೆ. ಹಲಗೆ ಅರಿಶಿನದ ಚೀಲಕ್ಕೆ, ಪಟ್ಟಿ ಕೂಲಿ ಹೆಣ್ಣಾಳಿಗೆ. ಬೇರೆ ಗಾಡಿಯವರು ನಿಲ್ಲಿಸಿಕೊಂಡು ಒಯ್ಯುತ್ತಿದ್ದಾಗ ಅಪ್ಪ ಕೂರಲು ಜಾಗ ಮಾಡಿದ್ದ. ಅದನ್ನವನು ಮರ್ಯಾದೆ ಅಂದುಕೊಂಡಿದ್ದ. ನಾನೂ ಹಾಗೇ ಅಂದುಕೊಂಡಿದ್ದೆ, ಅವ್ವನನ್ನು ಕೇಳುವವರೆಗೆ.

ಅವ್ವನ ತವರು ನಿಪ್ಪಾಣಿ ಕಡೆ. ಅವಳ ಅವ್ವ, ಅಂದರೆ ನನ್ನ ಆಯಿ, ತಂಬಾಕಿನ ವಖಾರಿಯಲ್ಲಿ ದುಡಿದವಳು. ಘಾಟು, ಧೂಳು, ಕೆಮ್ಮು. ಆ ವಖಾರಿಗಳ ಹೆಣ್ಣುಮಕ್ಕಳು ಕೂಲಿಗಾಗಿ, ಮರ್ಯಾದೆಗಾಗಿ ಸಂಘ ಕಟ್ಟಿ ಹೋರಾಡಿದ್ದನ್ನು ಬೆಂಗಳೂರಿನಲ್ಲಿ ಶುರುವಾದ ಯುಗಾಂತರ್ ಎಂಬ ಮಹಿಳೆಯರ ಚಿತ್ರತಂಡ 1982ರಲ್ಲಿ 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ ಸಾಕ್ಷ್ಯಚಿತ್ರ ಮಾಡಿತು. ರೈತರ ಹೋರಾಟದ ಕಥೆ ನಮ್ಮ ಮನೆಯಲ್ಲಿ ನೂರು ಸಲ ಕೇಳಿದ್ದೇನೆ. ಇದನ್ನು ನಾನು ತಿಳಿದದ್ದು ಬೆಂಗಳೂರಿನಲ್ಲಿ ಕೂತು.

"ಪಟ್ಟಿ ಮ್ಯಾಲೆ ಕುಂಡ್ರತಿದ್ರು ಖರೆ" ಅಂದಳು ಅವ್ವ. "ಗಾಡಿ ಹೊಳ್ಳಿದಾಗ ಹಿಡ್ಕೊಳ್ಳಾಕ ಏನಿತ್ತು? ನಾನೂ ಹಿಂದ ಕುಂತೀನಿ. ಮುಂದ ಗಂಡಸರು."

ಗೂಡ್ಸ್ ಗಾಡಿಯಲ್ಲಿ ಜನ ಹೇರುವುದು ಆಗಲೂ ತಪ್ಪು, ಈಗಲೂ ತಪ್ಪು. ಆಳು ತುಂಬಿದ ಪಿಕಪ್ ಮಗುಚಿತು ಅನ್ನುವ ಸುದ್ದಿಯನ್ನು ಪೇಪರಿನಲ್ಲಿ ಓದಿ ಪುಟ ತಿರುವಿದವರಲ್ಲಿ ನಾನೂ ಒಬ್ಬ. ನಮ್ಮ ಗಾಡಿ ಮಗುಚಲಿಲ್ಲ ಅಷ್ಟೇ.

ಕಾನೂನಿನ ಕಥೆಯನ್ನೂ ಇಲ್ಲೇ ಹೇಳಿಬಿಡಬೇಕು. ಟಾಟಾ ಮೊಬೈಲ್ ಬಂದ 1988ರಲ್ಲೇ ಹೊಸ ಮೋಟಾರು ವಾಹನ ಕಾಯ್ದೆಯೂ ಬಂತು. ಜಾರಿಯಾದದ್ದು 1989ರ ಜುಲೈ 1ರಿಂದ. ಅದರ 52ನೇ ಕಲಂ ಗಾಡಿಯ ಬದಲಾವಣೆಯ ಬಗ್ಗೆ. ಮೊದಲು ಆರ್‌ಟಿಒ ಒಪ್ಪಿಗೆ ಪಡೆದು ಬದಲಾಯಿಸಲು ದಾರಿ ಇತ್ತು. 2000ದ ತಿದ್ದುಪಡಿ ಅದನ್ನು ಬಿಗಿ ಮಾಡಿತು: ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲತಃ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಬದಲಾಯಿಸಬಾರದು. 2019ರ ಜನವರಿ 9ರಂದು, ಕೇರಳದಿಂದ ಹೋದ ಪ್ರಕರಣವೊಂದರಲ್ಲಿ, ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಯಾಗಿ ಎತ್ತಿಹಿಡಿಯಿತು. ಮುಂದಿನ ಕಬ್ಬಿಣದ ಗಾರ್ಡಿಗೆ 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಬೇಡ ಅಂದಿತ್ತು. ನನ್ನ ಸ್ಪ್ರೆಡ್‌ಶೀಟಿನ ಅರ್ಧ ಸಾಲು ಅಲ್ಲಿಗೇ ಕೆಂಪಾದವು. ಅಪ್ಪನ ಹಲಗೆಯೂ ಆರ್‌ಸಿಯಲ್ಲಿ ನಮೂದಾಗಿಲ್ಲ. ಅಂದರೆ ಅದೂ ಕೆಂಪು.

ಇಲ್ಲೊಂದು ತೊಡಕಿದೆ, ಅದನ್ನು ಮುಚ್ಚಿಡೋದು ಸರಿಯಲ್ಲ. ಅದೇ 2019ರ ಆಗಸ್ಟ್‌ನಲ್ಲಿ ಕೃಷ್ಣೆಗೆ ಮಹಾಪೂರ ಬಂತು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಹೊಳೆದಂಡೆಯ ಹಳ್ಳಿಗಳು ಮುಳುಗಿದವು. ಕುಡಚಿ-ಉಗಾರ ಸೇತುವೆ ನೀರಿನಡಿ ಹೋಯಿತು. ನಾನು ಬೆಂಗಳೂರಿನಲ್ಲಿ ಕೂತು ಫೋನ್ ಮಾಡ್ತಿದ್ದೆ. ಅಪ್ಪ ಎತ್ತಲಿಲ್ಲ. ಎರಡು ದಿನ ಅವನು ಮುದುಕರನ್ನು, ಮಕ್ಕಳನ್ನು, ಕರುಗಳನ್ನು ಇದೇ ಮೊಬೈಲಿನಲ್ಲಿ ಎತ್ತರದ ಊರಿಗೆ ಸಾಗಿಸ್ತಿದ್ದ. ಆ ಎತ್ತರದ ಹಲಗೆ, ಆ ಪಟ್ಟಿಯೇ ಜನರನ್ನು ಹಿಡಿದಿಟ್ಟಿದ್ದವು. ಬಾಗಿಲ ಒಳಮೈಯಲ್ಲಿ ಆಗ ಹತ್ತಿದ ಕೆಸರಿನ ಗೆರೆ ಇನ್ನೂ ಇದೆ. ನಾನು ತೊಳೀಲಿಲ್ಲ.

ಹಾಗಾಗಿ ನಿರ್ಧಾರ ಸುಲಭ ಇರಲಿಲ್ಲ. ಕಾಕಾ, ಅಂದರೆ ಅಪ್ಪನ ತಮ್ಮ, ತನ್ನ ಲೆಕ್ಕ ಹೇಳಿದ. "ಇನ್ನೊಂದ ಮೂರ ಫೂಟ ಎತ್ತರ ಜಾಳಿಗಿ ಬಡಿಸು. ಕಬ್ಬಿನ ಬೀಜಾನೂ ಆತು, ಆಳೂ ಆತು. ನೀ ಹೆಂಗೂ ಬೆಂಗಳೂರಾಗ ಇರಾಂವ." ಮಿಸ್ತ್ರಿ ಕಾಕಾ ಇನ್ನೊಂದು ಹೇಳಿದರು. ಮೂವತ್ತು ವರ್ಷದ ಗೂಡ್ಸ್ ಗಾಡಿ, ವರ್ಷಾ ವರ್ಷ ಪಾಸಿಂಗ್ ಆಗಬೇಕು, 2022ರಿಂದ ಹಳೆ ಗಾಡಿಗಳ ಫೀ ಏರಿದೆ, ಗುಜರಿಗೆ ಹಾಕಿ ಹೊಸದು ತಗೋ. ಗೆಳೆಯರು, ಗುಜರಿಗೆ ಹಾಕಿದರೆ ನಿನ್ನ ಜೊತೆ ಮಾತೇ ಬಿಡ್ತೀವಿ ಅಂದರು. ಎಲ್ಲರ ಮಾತು ಮುಗಿದ ಮೇಲೆ ಅವ್ವ ಹೇಳಿದ್ದು ಇಷ್ಟೇ: "ನೀವು ಏನರ ಮಾಡ್ರಿ. ನನಗ ಮುಂದ ಹತ್ತಾಕ ಒಂದ ಪಾವಟಿಗಿ ಹಚ್ಚಸು. ಮೊಣಕಾಲ ಏಳಂಗಿಲ್ಲ."

ಮೂವತ್ತು ವರ್ಷದಲ್ಲಿ ಆ ಗಾಡಿಗೆ ಅವ್ವ ಕೇಳಿದ ಮೊದಲ ಬದಲಾವಣೆ ಅದು. ಗಿಪ್ಸ್‌ಲ್ಯಾಂಡಿನ ಆ ಹೆಂಗಸು ನೆನಪಾದಳು. ಅವಳು ಪತ್ರ ಬರೆದಳು. ಅವ್ವನನ್ನು ಯಾರೂ ಕೇಳೇ ಇರಲಿಲ್ಲ.

ಸ್ಪ್ರೆಡ್‌ಶೀಟ್ ಅಳಿಸಿ ಹೊಸದಾಗಿ ಬರೆದೆ. ಮೊದಲ ಸಾಲು ಬ್ರೇಕು. ಎರಡನೆಯದು ವೈರಿಂಗ್, ಪೂರದ ನೀರು ಕುಡಿದ ಹಳೆ ವೈರು ಪೂರ್ತಿ ತೆಗೆದು ಹೊಸದು. ಮೂರು, ಕಂಪನಿ ಹೇಳಿದ ಅಳತೆಯದೇ ಟೈರು. ನಾಲ್ಕು, ಮುಂದಿನ ಸೀಟಿಗೆ ಗಟ್ಟಿ ಬೆಲ್ಟು. ಐದು, ಎಡಬಾಗಿಲ ಕೆಳಗೆ ಪಾವಟಿಗಿ. ಆರ್‌ಸಿಯಲ್ಲಿ ಬರೆದ ಯಾವ ವಿವರವೂ ಅದರಿಂದ ಬದಲಾಗೋದಿಲ್ಲ. ಬಣ್ಣ ಅದೇ ಬಿಳಿ. ಹಿಂದಿನ ಬಾಗಿಲ ಮೇಲಿನ ಮಾಯಕ್ಕನ ಹೆಸರು ಹಾಗೇ.

ಅಪ್ಪನ ಹಲಗೆ, ಪಟ್ಟಿ ಬಿಚ್ಚಿಸಿದೆ. ಗ್ಯಾಸ್ ಕಟರಿನ ಕಿಡಿ ಹಾರುವಾಗ ನಾನು ಹೊರಗೆ ಹೋಗಿ ಚಹಾ ಕುಡಿದೆ, ನೋಡಲಾಗಲಿಲ್ಲ. ಆಮೇಲೆ, ಆ ಬೇವಿನ ಹಲಗೆಯಲ್ಲೇ ಅವ್ವನ ಪಾವಟಿಗಿ ಮಾಡೋಣ ಅಂತ ಭಾವುಕನಾಗಿ ಹೇಳಿದೆ. ಮಿಸ್ತ್ರಿ ಕಾಕಾ ಒಪ್ಪಲಿಲ್ಲ. "ಮಳ್ಯಾಗ ಜಾರತೈತಿ. ನಿಮ್ಮವ್ವನ ಕಾಲ ಮುರೀಬೇಕಂತ ಮಾಡೀಯೇನು?" ಅಂದು, ಉಬ್ಬು ಗೆರೆಯ ಕಬ್ಬಿಣದ ಪ್ಲೇಟ್ ಹಾಕಿದರು. ಹಲಗೆಗಳು ಈಗ ಅಟ್ಟದ ಮೇಲಿವೆ, ಮುತ್ಯಾನ ಕೊಲ್ಲಾರಿಯ ಕಮಾನಿನ ಪಕ್ಕ.

ಆ ಕಮಾನು ನೋಡಿದಾಗಲೇ ಉಳಿದ ದಾರಿ ಹೊಳೆದದ್ದು. ಎತ್ತರ ಬೇಕಾದಾಗ ಹಗ್ಗ, ತಾಡಪತ್ರಿ. ಟೆಂಟು ಬೇಕಾದಾಗ ಬಾಡಿಯೊಳಗೆ ಬಿಚ್ಚಿ ಕಟ್ಟುವಂಥದ್ದು, ಗಾಡಿ ನಿಂತ ಮೇಲೆ ಮಾತ್ರ. ಏನನ್ನೂ ಬೆಸೆಯೋದಿಲ್ಲ. ನಾಳೆ ಇನ್ನೊಬ್ಬರ ಕೈಗೆ ಹೋದಾಗ ಅವರಿಗೂ ಆಯ್ಕೆ ಉಳಿಯಬೇಕಲ್ಲ. ಅಪ್ಪ ಸಾಲ ಮಾಡಿ ತಂದದ್ದೂ ಆ ಆಯ್ಕೆಯನ್ನೇ.

ಕಾಕಾನಿಗೆ ಗಾಡಿ ಕೊಡ್ತೀನಿ, ಅರಿಶಿನ ಒಯ್ಯಲಿ, ಕಬ್ಬಿನ ಬೀಜ ಒಯ್ಯಲಿ, ಆದರೆ ಹಿಂದೆ ಆಳು ಕೂರಿಸೋದು ಬೇಡ ಅಂದೆ. "ಹಂಗಾದ್ರ ಆಳು ಏನ್ ಹಾರಿಕೊಂಡ ಬರತಾವೇನು?" ಅಂದ. ಪ್ರಶ್ನೆ ಸರಿ ಇದೆ. ಹೊಲಕ್ಕೆ ಹೋಗುವ ಹೊತ್ತಿಗೆ ನಮ್ಮೂರಿಗೆ ಬಸ್ಸಿಲ್ಲ. ಸುಗ್ಗಿಯಲ್ಲಿ ಆಳಿಗೆ ಪ್ಯಾಸೆಂಜರ್ ಗಾಡಿಯ ಬಾಡಿಗೆ ನಾನು ಕೊಡ್ತೀನಿ ಅಂತ ಒಪ್ಪಿಕೊಂಡಿದ್ದೇನೆ. ಒಂದು ಸುಗ್ಗಿಗೆ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿದರೆ, ನನ್ನ ಮೊದಲ ಪಟ್ಟಿಯ ಎಲ್‌ಇಡಿ ಸಾಲು ಮತ್ತು ದಪ್ಪ ಟೈರಿನ ದುಡ್ಡಿಗಿಂತ ಕಡಿಮೆಯೇ. ಕಾಕಾ ಪೂರ್ತಿ ಒಪ್ಪಿಲ್ಲ. ನನ್ನ ಜೊತೆ ಮಾತು ಸ್ವಲ್ಪ ಕಡಿಮೆ ಮಾಡಿದ್ದಾನೆ.

ಆರ್‌ಸಿ ನನ್ನ ಹೆಸರಿಗೆ ಆಗಿದೆ. ಮುಂದಿನ ತಿಂಗಳು ಚಿಕ್ಕೋಡಿಯಲ್ಲಿ ಪಾಸಿಂಗ್. ಅದು ಮುಗಿದ ಮೇಲೆ ಮಾಘದಲ್ಲಿ ಚಿಂಚಲಿಗೆ ಹೋಗಬೇಕು. ಅವ್ವ ಈಗಾಗಲೇ ಎರಡು ಸಲ ಪಾವಟಿಗಿ ಮೇಲೆ ಕಾಲಿಟ್ಟು ಹತ್ತಿ ಇಳಿದು ನೋಡಿದ್ದಾಳೆ. ಇನ್ನೊಂದು ಇಂಚು ಕೆಳಗಿರಬೇಕಿತ್ತಂತೆ.